ಅಮೆರಿಕದ ಹಿಪ್‌ಹಾಪ್ ಸಂಗೀತಗಾರ ಡಿಜೆ ಶ್ಯಾಡೋ ಅವರ ಮೊದಲ ಆಲ್ಬಂ ‘ಎಂಡ್‌ಟ್ರೊಡ್ಯೂಸಿಂಗ್’ ಅನ್ನು ವಿಮರ್ಶಕರು ಅಷ್ಟೊಂದು ಮೆಚ್ಚಿದ್ದೇಕೆ?

ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳಿಂದಲೇ ಒಂದು ಇಡೀ ಆಲ್ಬಂ ಕಟ್ಟಬಹುದು, ಅದು ಕೇಳುಗರ ಮನಸ್ಸನ್ನೂ ಕಲಕಬಲ್ಲದು ಎಂದು ಶ್ಯಾಡೋ ತೋರಿಸಿಕೊಟ್ಟರು. ಮೆಚ್ಚುಗೆಗೆ ಮುಖ್ಯ ಕಾರಣ ಅದೇ. ಈ ಆಲ್ಬಂ ಬಂದ 1996ರ ಹೊತ್ತಿಗೆ ಸ್ಯಾಂಪ್ಲಿಂಗ್, ಅಂದರೆ ಬೇರೆ ಹಾಡಿನ ತುಣುಕನ್ನು ಎತ್ತಿ ಬಳಸುವುದು, ಹಿಪ್‌ಹಾಪ್‌ನಲ್ಲಿ ಬಹುಮಟ್ಟಿಗೆ ರ‍್ಯಾಪ್ ಗಾಯಕರ ಮಾತಿಗೆ ಹಿನ್ನೆಲೆಯಾಗಿತ್ತು. ಶ್ಯಾಡೋ ಗಾಯಕರನ್ನೇ ಕೈಬಿಟ್ಟರು. ಕ್ಯಾಲಿಫೋರ್ನಿಯಾದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಎಲ್‌ಪಿಗಳನ್ನು ಜಾಲಾಡಿದರು. ಅಕಾಯ್ ಕಂಪನಿಯ ಎಂಪಿಸಿ60 ಎಂಬ ಸ್ಯಾಂಪ್ಲಿಂಗ್ ಯಂತ್ರದಲ್ಲಿ ಡ್ರಮ್‌ನ ಏಟುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ತಮಗೆ ಬೇಕಾದ ಲಯದಲ್ಲಿ ಮರುಜೋಡಿಸಿದರು. ಹೀಗಾಗಿ ಎರವಲು ತಂದ ತಾಳ ಅವರ ಸ್ವಂತದ್ದೇ ಆಯಿತು. ಈ ಆಲ್ಬಂನ ‘ಮಿಡ್‌ನೈಟ್ ಇನ್ ಎ ಪರ್ಫೆಕ್ಟ್ ವರ್ಲ್ಡ್’ ಕೇಳಿ: ಅಮೆರಿಕದ ಸಂಗೀತ ಸಂಯೋಜಕ ಡೇವಿಡ್ ಆಕ್ಸೆಲ್‌ರಾಡ್ ಅವರ ಹಳೆಯ ಕೃತಿಯೊಂದರ ಪಿಯಾನೊ ಅಲ್ಲಿ ಎಂಥ ವಿಷಾದ ತುಂಬುತ್ತದೆ!