ಬಿದ್ದದ್ದು ಬರೆದಿರಿ, ಎದ್ದದ್ದು ಬರೆದಿರಿ, ನಡುವಿನದು ಎಲ್ಲಿ?

ನಮಸ್ಕಾರ ಗೆಳೆಯರೇ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಗ್ಯಾರಿಸನ್ ಹರ್ಸ್ಟ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಒಂದು ಸಾಲಿನಲ್ಲಿ ಬೇಡ ಎಂದು ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ನೀವು ಆರಿಸಿಕೊಂಡ ಕಥೆ ಅಷ್ಟು ಚೆನ್ನಾಗಿದೆ.

ನಿಮ್ಮ ಲೇಖನದಲ್ಲಿ ಹರ್ಸ್ಟ್ ಬೀಳುವುದಕ್ಕೆ ಎರಡು ಪ್ಯಾರಾ ಇದೆ, ಎದ್ದು ಗೆಲ್ಲುವುದಕ್ಕೆ ನಾಲ್ಕು ಪ್ಯಾರಾ ಇದೆ. ನಡುವೆ ಒಂದೇ ಒಂದು ವಾಕ್ಯ: ‘ಎರಡು ವರ್ಷಗಳ ಕಠಿಣ ಪರಿಶ್ರಮದ ನಂತರ ಅವರು ಮತ್ತೆ ಮೈದಾನಕ್ಕಿಳಿದರು.’ ನನ್ನ ಮುಖ್ಯ ತಕರಾರು ಈ ವಾಕ್ಯದ ಮೇಲೆಯೇ. ಅವರು ಪಂದ್ಯದ ನಡುವೆ ಕಾಲು ಮುರಿದುಕೊಂಡು ಬಿದ್ದದ್ದು 1999ರ ಜನವರಿ 9ರಂದು. ಮತ್ತೆ ಆಡಿದ್ದು 2001ರ ಸೆಪ್ಟೆಂಬರ್ 9ರಂದು. ಸರಿಯಾಗಿ ಎರಡು ವರ್ಷ ಎಂಟು ತಿಂಗಳು. ನಿಮ್ಮ ಕಥೆ ಇರುವುದೇ ಅಲ್ಲಿ, ಅದನ್ನೇ ನೀವು ಹಾರಿಬಿಟ್ಟಿದ್ದೀರಿ.

ಆ ಕಾಯಿಲೆಯನ್ನೇ ತೆಗೆದುಕೊಳ್ಳಿ. ‘ಗಂಭೀರ ಗಾಯ’ ಎಂದು ಬರೆದು ಮುಂದೆ ಹೋಗಿದ್ದೀರಿ. ಕಾಲಿನ ಮೂಳೆ ಮುರಿಯುವುದು ಆ ಆಟದಲ್ಲಿ ಅಪರೂಪವೇನಲ್ಲ, ಮುರಿದದ್ದು ಕೂಡುತ್ತದೆ. ಹರ್ಸ್ಟ್ ಅವರಿಗೆ ಆಮೇಲೆ ಬಂದದ್ದು ಬೇರೆ, ಪಾದದ ಒಂದು ಮೂಳೆಗೆ ರಕ್ತ ಹರಿಯುವುದೇ ನಿಂತು ಮೂಳೆ ಸಾಯತೊಡಗಿತು. ಟೇಲಸ್ ಎನ್ನುವ ಮೂಳೆ ಅದು, ಕಾಲಿನ ಉದ್ದ ಮೂಳೆಗೂ ಹಿಮ್ಮಡಿಗೂ ನಡುವೆ ಕೂತಿರುತ್ತದೆ, ಮೈಯ ಭಾರವೆಲ್ಲ ಅದರ ಮೇಲೆಯೇ ಪಾದಕ್ಕೆ ಇಳಿಯುತ್ತದೆ. ಅದರ ಬಹುಪಾಲು ಮೇಲ್ಮೈ ಕೀಲಿನ ನುಣುಪಾದ ಪದರದಿಂದ ಮುಚ್ಚಿರುವುದರಿಂದ ರಕ್ತನಾಳಗಳು ಒಳಗೆ ಹೋಗಲು ಇರುವ ಜಾಗವೇ ಕಡಿಮೆ. ಈಗ ರನ್ನಿಂಗ್ ಬ್ಯಾಕ್, ಅಂದರೆ ತಂಡದಲ್ಲಿ ಹರ್ಸ್ಟ್ ಅವರ ಜಾಗದ ಆಟಗಾರ, ಮಾಡುವ ಕೆಲಸ ನೋಡಿ. ಚೆಂಡು ಹಿಡಿದು ಓಡುವುದಷ್ಟೇ ಅಲ್ಲ, ಪೂರ್ತಿ ವೇಗದಲ್ಲಿರುವಾಗ ಒಂದು ಕಾಲನ್ನು ಗಕ್ಕನೆ ಊರಿ ಬೇರೆ ದಿಕ್ಕಿಗೆ ತಿರುಗಬೇಕು. ಆ ಊರುವ ಕ್ಷಣದಲ್ಲಿ ಪೆಟ್ಟು ತಿನ್ನುವುದು ಇದೇ ಮೂಳೆ. ಈ ಎರಡು ವಿಷಯವನ್ನು ಪಕ್ಕಪಕ್ಕ ಇಟ್ಟರೆ ಸಾಕು, ‘ಅಸಾಧ್ಯವಾದುದನ್ನು ಸಾಧಿಸಿದರು’ ಎಂದು ನೀವು ಹೇಳಬೇಕಾಗಿಯೇ ಇಲ್ಲ, ಓದುವವರೇ ಹೇಳಿಕೊಳ್ಳುತ್ತಾರೆ.

ಫುಟ್‌ಬಾಲ್, ಬೇಸ್‌ಬಾಲ್ ಎರಡನ್ನೂ ಆಡುತ್ತಿದ್ದ ಬೋ ಜಾಕ್ಸನ್ ಹೆಸರು ಒಂದು ಕಡೆ ಬಂದು ಹೋಗಿದೆ, ಯಾಕೆ ಬಂತು ಅಂತ ಮಾತ್ರ ತಿಳಿಯುವುದಿಲ್ಲ. 1991ರ ಜನವರಿಯಲ್ಲಿ ಅವರ ಸೊಂಟದ ಕೀಲಿಗೆ ಪೆಟ್ಟಾಗಿ ಇದೇ ಕಾಯಿಲೆ ಬಂತು. ಸೊಂಟಕ್ಕೆ ಕೃತಕ ಕೀಲು ಹಾಕಿಸಿಕೊಂಡು 1993ರಲ್ಲಿ ಬೇಸ್‌ಬಾಲ್‌ಗೆ ಮರಳಿದರು, ಆದರೆ ಫುಟ್‌ಬಾಲ್ ಮತ್ತೆ ಆಡಲೇ ಇಲ್ಲ. ಹರ್ಸ್ಟ್ ಮಲಗಿದ್ದಾಗ ಅವರ ಕಣ್ಣ ಮುಂದೆ ಇದ್ದ ಉದಾಹರಣೆ ಅದು. ಅದನ್ನು ನಡುಭಾಗಕ್ಕೆ ತನ್ನಿ.

ಇನ್ನೊಂದು ವಿಷಯ, ನನಗೆ ಜಾಸ್ತಿ ಕಾಡಿದ್ದು. ಹರ್ಸ್ಟ್ ಹೊರಗಿದ್ದಾಗ ಅವರ ಸ್ಯಾನ್ ಫ್ರಾನ್ಸಿಸ್ಕೋ ತಂಡ ನಿಂತಿರಲಿಲ್ಲ. ಅವರ ಜಾಗದಲ್ಲಿ ಚಾರ್ಲಿ ಗಾರ್ನರ್ ಓಡಿದರು, ಎರಡೂ ವರ್ಷ ಸಾವಿರ ಗಜ ದಾಟಿದರು. ತಂಡ ಮಾತ್ರ 1999ರಲ್ಲಿ 16 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದಿತು. ಚೆಂಡು ಕೊಡುತ್ತಿದ್ದ ಸ್ಟೀವ್ ಯಂಗ್ ತಲೆಗೆ ಪೆಟ್ಟು ಬಿದ್ದು 2000ದಲ್ಲಿ ನಿವೃತ್ತರಾದರು, ಎಸೆದ ಚೆಂಡು ಹಿಡಿಯುತ್ತಿದ್ದ ಜೆರ್ರಿ ರೈಸ್ ಬೇರೆ ತಂಡಕ್ಕೆ ಹೋದರು, ಗಾರ್ನರ್ ಕೂಡ ಹೋದರು. ಅಂದರೆ ಹರ್ಸ್ಟ್ ಮರಳಿ ಬಂದದ್ದು ಬಿಟ್ಟುಹೋದ ಮನೆಗಲ್ಲ. ಅಂಗಿಯ ಬಣ್ಣ ಅದೇ, ಒಳಗಿನ ಜನ ಬೇರೆ. ವರ್ಷಗಟ್ಟಲೆ ಹೊರಗಿದ್ದು ಊರಿಗೆ ಬಂದವರಿಗೆಲ್ಲ ಇದು ಗೊತ್ತಿರುವ ಅನುಭವ ಅಲ್ವಾ? ಅಮೆರಿಕದ ಆಟ ಗೊತ್ತಿಲ್ಲದ ಓದುಗರು ಹರ್ಸ್ಟ್ ಅವರ ಹತ್ತಿರ ಬರುವುದು ಇಲ್ಲಿಯೇ.

ಆಸ್ಪತ್ರೆಯ ರಾತ್ರಿಯ ದೃಶ್ಯವನ್ನು ದಯವಿಟ್ಟು ತೆಗೆಯಿರಿ. ಅವರು ಕಿಟಕಿಯ ಹೊರಗೆ ನೋಡುತ್ತಾ ಅತ್ತದ್ದು, ತಾಯಿಯ ಹತ್ತಿರ ಹೇಳಿದ ಮಾತು, ಇದೆಲ್ಲ ನಿಮಗೆ ಎಲ್ಲಿ ಸಿಕ್ಕಿತು? ಅವರೇ ಎಲ್ಲಾದರೂ ಹೇಳಿದ್ದರೆ ಎಲ್ಲಿ ಹೇಳಿದರೆಂದು ಬರೆಯಿರಿ. ನೀವು ಊಹಿಸಿದ್ದಾದರೆ ಅದು ಬದುಕಿರುವ ಮನುಷ್ಯನ ಬಾಯಿಗೆ ನಿಮ್ಮ ಮಾತು ತುರುಕಿದ ಹಾಗೆ. ಇದೊಂದರಲ್ಲಿ ನಾನು ಬಗ್ಗುವುದಿಲ್ಲ.

ಕಬಡ್ಡಿ ರೈಡರ್ ಹೋಲಿಕೆಯೂ ಬೇಡ. ರೈಡರ್ ಒಬ್ಬನೇ ಹೋಗುತ್ತಾನೆ. ರನ್ನಿಂಗ್ ಬ್ಯಾಕ್ ಮುಂದೆ ಐದು ಜನ ದಢೂತಿ ಆಳುಗಳು ಎದುರಾಳಿಗಳನ್ನು ತಳ್ಳಿ ಸಂದಿ ಮಾಡಿಕೊಡುತ್ತಾರೆ, ಆ ಸಂದಿ ಮುಚ್ಚುವ ಮೊದಲು ಇವನು ನುಗ್ಗಬೇಕು. ಹೀಗೆ ನೇರವಾಗಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಇದು ಅಮೆರಿಕನ್ ಫುಟ್‌ಬಾಲ್ ಎಂದು ಮೊದಲ ಪ್ಯಾರಾದಲ್ಲೇ ಹೇಳಿ, ಇಲ್ಲದಿದ್ದರೆ ಅರ್ಧ ಲೇಖನದವರೆಗೂ ಓದುಗರು ಗೋಲ್ ಹುಡುಕುತ್ತಿರುತ್ತಾರೆ. ‘ಯಾರ್ಡ್’ ಬದಲು ಗಜ ಎನ್ನಿ, ಬಟ್ಟೆ ಅಂಗಡಿಯಿಂದ ನಮಗೆ ಗೊತ್ತಿರುವ ಅಳತೆಯೇ ಅದು. ‘ಛಲ ಬಿಡದ ತ್ರಿವಿಕ್ರಮ’ ಎನ್ನುವ ತಲೆಬರಹವನ್ನು ಯಾರ ಲೇಖನಕ್ಕೆ ಬೇಕಾದರೂ ಹಾಕಬಹುದು, ಅದಕ್ಕೇ ಬೇಡ.

ಕೊನೆಯ ಭಾಗದಲ್ಲಿ ‘ಮೊದಲಿನಂತೆಯೇ ಓಡಿದರು’ ಎಂದಿದ್ದೀರಿ. ಇಲ್ಲ. 1998ರಲ್ಲಿ ಅವರು ಓಡಿದ್ದು 1,570 ಗಜ, ಆ ವರ್ಷದ ಮೊದಲ ಪಂದ್ಯದಲ್ಲೇ ನ್ಯೂಯಾರ್ಕ್ ಜೆಟ್ಸ್ ತಂಡದ ಎದುರು ಹೆಚ್ಚುವರಿ ಅವಧಿಯಲ್ಲಿ ಒಂದೇ ಓಟಕ್ಕೆ 96 ಗಜ ಓಡಿ ಗೆಲ್ಲಿಸಿದ್ದರು. 2001ರಲ್ಲಿ 1,206 ಗಜ. ಕಡಿಮೆಯೇ. ಆದರೂ ಆ ವರ್ಷ ಮರಳಿ ಬಂದು ಮಿಂಚಿದ ಆಟಗಾರನಿಗೆ ಕೊಡುವ ಪ್ರಶಸ್ತಿ ಅವರಿಗೇ ಬಂತು, ತಂಡ 12 ಪಂದ್ಯ ಗೆದ್ದಿತು. ಈ ವ್ಯತ್ಯಾಸವನ್ನು ಮುಚ್ಚಿಡಬೇಡಿ. ಮೊದಲಿನಷ್ಟು ಆಗದಿದ್ದರೂ ಇಷ್ಟು ಓಡಿದರು ಎನ್ನುವುದು ನನಗಂತೂ ಇನ್ನೂ ಹಿಡಿಸುತ್ತದೆ.

ಎಲ್ಲಿಂದ ಶುರು ಮಾಡಲಿ ಎಂದು ನಿಮ್ಮ ಪತ್ರದಲ್ಲಿ ಕೇಳಿದ್ದಿರಿ. ಹರ್ಸ್ಟ್ ಹುಟ್ಟಿದ್ದು ಜಾರ್ಜಿಯಾದಲ್ಲಿ, ಕಾಲೇಜು ಆಟ ಆಡಿದ್ದೂ ಅಲ್ಲೇ. ಕಾಲು ಮುರಿದದ್ದೂ ಅಲ್ಲೇ, ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ, ಕೃತಕ ಹುಲ್ಲಿನ ಮೇಲೆ, ಆ ಪಂದ್ಯದಲ್ಲಿ ತಮ್ಮ ತಂಡ ಚೆಂಡು ಹಿಡಿದು ಮುನ್ನುಗ್ಗಿದ ಮೊದಲ ಸಲವೇ. ಎದುರು ಇದ್ದದ್ದು ಅಟ್ಲಾಂಟಾ ಫಾಲ್ಕನ್ಸ್ ತಂಡ. ಎರಡು ವರ್ಷ ಎಂಟು ತಿಂಗಳ ನಂತರ ಮೈದಾನಕ್ಕೆ ಬಂದಾಗ ಎದುರು ನಿಂತಿದ್ದದ್ದೂ ಅದೇ ಫಾಲ್ಕನ್ಸ್. ನೀವು ಇದನ್ನು ಹನ್ನೊಂದನೆಯ ಪ್ಯಾರಾದಲ್ಲಿ ಹೇಳಿದ್ದೀರಿ! ಅಲ್ಲಿಂದಲೇ ಶುರು ಮಾಡಿ. ಅವರು ಮರಳಿದ ಪಂದ್ಯ ಮುಗಿದು ಎರಡೇ ದಿನಕ್ಕೆ ನ್ಯೂಯಾರ್ಕಿನ ಗೋಪುರಗಳು ಬಿದ್ದವು, ಮುಂದಿನ ವಾರದ ಪಂದ್ಯಗಳನ್ನೆಲ್ಲ ಮುಂದೂಡಿದರು. ಅದಕ್ಕೂ ಒಂದು ಸಾಲು ಇರಲಿ.

ಸಾವಿರದ ಇನ್ನೂರು ಪದ ಮೀರದ ಹಾಗೆ ಬರೆದು ನೇರವಾಗಿ ನನಗೇ ಕಳಿಸಿ. ಅವಸರ ಬೇಡ, ತಿಂಗಳು ಹಿಡಿದರೂ ಪರವಾಗಿಲ್ಲ, ನಾನು ಕಾಯುತ್ತೇನೆ.