ಎಐ ಡಿಸೈನ್ ಮಾಡಿಕೊಟ್ಟರೆ ಎಂಜಿನಿಯರ್‌ಗೆ ಏನು ಕೆಲಸ ಉಳಿಯುತ್ತದೆ?

ಬೇಕಾದಷ್ಟು ಉಳಿಯುತ್ತದೆ. 2015ರಲ್ಲಿ ವಿಮಾನ ತಯಾರಿಸುವ ಏರ್‌ಬಸ್ ಮತ್ತು ಡಿಸೈನ್ ಸಾಫ್ಟ್‌ವೇರ್ ಕಂಪನಿ ಆಟೋಡೆಸ್ಕ್ ಸೇರಿ ಎ320 ವಿಮಾನದ ಒಳಗಿನ ಅಡ್ಡಗೋಡೆಯೊಂದನ್ನು ತೋರಿಸಿದವು. ಅದರ ಆಕಾರ ಹುಡುಕಿದ್ದು ಸಾಫ್ಟ್‌ವೇರ್, ಮೂಳೆ ಬೆಳೆಯುವ ರೀತಿಯನ್ನು ಅನುಸರಿಸಿ. ನೋಡಲು ಜೇಡರ ಬಲೆಯ ಹಾಗಿದೆ, ತೂಕ ಮಾತ್ರ ಮಾಮೂಲಿ ಅಡ್ಡಗೋಡೆಗಿಂತ ಸುಮಾರು 45% ಕಡಿಮೆ!

ಆದರೆ ಸಿಬ್ಬಂದಿಯ ಮಡಚುವ ಸೀಟನ್ನು ಈ ಗೋಡೆಗೇ ಕೂರಿಸಬೇಕು, ವಿಮಾನ ಜೋರಾಗಿ ಅಪ್ಪಳಿಸಿದರೂ ಅದು ಕಿತ್ತು ಬರಬಾರದು, ಸ್ಟ್ರೆಚರ್ ತರಲು ಜಾಗ ಬೇಕು. ಇದನ್ನೆಲ್ಲ ಹೇಳಿಕೊಡಬೇಕಾದವರು ಮನುಷ್ಯರೇ ಅಲ್ವಾ? ಒಂದು ಷರತ್ತು ಮರೆತರೆ ಸಾಫ್ಟ್‌ವೇರ್ ಅಲ್ಲಿನ ಲೋಹವನ್ನು ಸುಮ್ನೆ ಕಿತ್ತುಹಾಕುತ್ತದೆ. ಪಾಪ, ಅದಕ್ಕೇನು ಗೊತ್ತು! ನನ್ನ ಪ್ರಕಾರ ಜಾಸ್ತಿ ಕಷ್ಟ ಇರುವುದು ಇಲ್ಲೇ. ಬಂದ ಮಾದರಿಗಳಲ್ಲಿ ಯಾವುದನ್ನು ನಿಜಕ್ಕೂ ತಯಾರಿಸಬಹುದು ಎಂದು ಆರಿಸುವುದು, ಪರೀಕ್ಷಿಸುವುದು, ಸಹಿ ಹಾಕುವುದು ಆಮೇಲಿನ ಮಾತು.