ಭಾನುವಾರ ಹಾಡು, ಸೋಮವಾರ ಸುಳ್ಳು ಸಹಿ: ನನ್ನ ನಂಬಿಕೆ ಸುಳ್ಳಾ?

ಇದು ನಂಬಿಕೆ ಸುಳ್ಳಾಗಿರುವುದರಿಂದ ಅಲ್ಲ, ಮೊದಲೇ ತೀರ್ಮಾನ ಮಾಡಿಕೊಳ್ಳದೆ ಆಫೀಸಿಗೆ ಹೋಗುವುದರಿಂದ ಆಗುತ್ತಿರಬಹುದು. ಚರ್ಚಿನಲ್ಲಿ ಹಾಡುತ್ತೀರಿ, ಮ್ಯಾನೇಜರ್ ಹೇಳಿದರೆ ಹಳೇ ತಾರೀಕು ಹಾಕಿ ಸಹಿ ಮಾಡುತ್ತೀರಿ. ನಾನೂ ಇದನ್ನೇ ಮಾಡಿದ್ದೇನೆ. ಅವರು ಮೇಜಿನ ಪಕ್ಕ ನಿಂತು ಪೆನ್ನು ಚಾಚಿದ ಮೇಲೆ ಯೋಚಿಸೋಕೆ ಹೋದರೆ, ಕೈ ಅಷ್ಟೊತ್ತಿಗೆ ಸಹಿ ಹಾಕಿಬಿಟ್ಟಿರುತ್ತದೆ.

ಇವತ್ತು ರಾತ್ರಿಯೇ ಚೀಟಿಯಲ್ಲಿ ಬರೆದಿಡಿ, ಯಾವುದನ್ನು ಮಾಡಲ್ಲ ಅಂತ. ಒಂದೋ ಎರಡೋ ಸಾಕು, ಜಾಸ್ತಿ ಬೇಡ. ಆಮೇಲೆ ಬೈಬಲಿನ ದಾನಿಯೇಲನ ಪುಸ್ತಕದ ಮೊದಲ ಅಧ್ಯಾಯ ಓದಿ. ಸೆರೆಯಾಗಿ ಬಾಬಿಲೋನಿಗೆ ಹೋದ ಅವನಿಗೆ ರಾಜನ ಊಟ ತಿನ್ನೋದು ತಪ್ಪು ಅನ್ನಿಸಿತ್ತು, ಆದರೂ ಜಗಳ ಆಡಲಿಲ್ಲ. ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡ, ಮರ್ಯಾದೆಯಿಂದ ಕೇಳಿದ, ಅಧಿಕಾರಿ ಹೆದರಿದಾಗ ಮೇಲ್ವಿಚಾರಕನ ಹತ್ತಿರ ಹೋಗಿ 10 ದಿನ ಬರೀ ತರಕಾರಿ, ನೀರು ಕೊಟ್ಟು ನೋಡಿ ಅಂದ. ನೀವೂ ಬೇಡ ಅನ್ನುವುದರ ಜೊತೆಗೇ ಬೇರೆ ದಾರಿ ತೋರಿಸಿ: "ಸರ್, ಇವತ್ತಿನ ತಾರೀಕೇ ಹಾಕುತ್ತೇನೆ, ತಡ ಯಾಕಾಯಿತು ಅಂತ ಕೆಳಗೆ ಬರೆಯುತ್ತೇನೆ." ಅಲ್ಲಿ ಸುಮ್ನೆ ಧರ್ಮದ ಮಾತು ಎತ್ತಬೇಡಿ, ಕೇಳಿದರೆ ಮುಚ್ಚಿಡಲೂ ಬೇಡಿ.

ನನ್ನ ಮ್ಯಾನೇಜರ್ ಗೊಣಗಿ ಒಪ್ಪಿದರು. ನಿಮ್ಮವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ, ಮುನಿಸಿಕೊಳ್ಳಲೂಬಹುದು. ಅದಕ್ಕೇ ಚರ್ಚಿನಲ್ಲಿ ನೀವು ನಂಬುವ ಒಬ್ಬರಿಗೆ ಮೊದಲೇ ವಿಷಯ ತಿಳಿಸಿ, ಸೋಮವಾರ ಸಂಜೆ ಫೋನ್ ಮಾಡಿ ವಿಚಾರಿಸಲು ಹೇಳಿ.

ಮತ್ತೆ ಎಡವಿದರೆ? ಯೇಸುವಿನ ಶಿಷ್ಯ ಪೇತ್ರನೇ ಮೂರು ಸಲ ಯೇಸುವನ್ನು ಗೊತ್ತೇ ಇಲ್ಲ ಅಂದಿದ್ದ, ಅಲ್ವಾ. ಆಮೇಲೂ ಯೇಸು ಅವನಿಗೆ ಸರೋವರದ ದಡದಲ್ಲಿ ಊಟ ಕೊಟ್ಟರು, "ನನ್ನನ್ನು ಪ್ರೀತಿಸುತ್ತೀಯಾ" ಅಂತ ಮೂರು ಸಲ ಕೇಳಿ ತಮ್ಮ ಕುರಿಗಳನ್ನು, ಅಂದರೆ ತಮ್ಮ ಜನರನ್ನು, ಅವನಿಗೆ ವಹಿಸಿದರು. ಹಾಗಾಗಿ ಅವತ್ತೇ ಪ್ರಾರ್ಥನೆ ಮಾಡಿ, ಮರುದಿನ ಹೋಗಿ ಆ ತಾರೀಕು ಸರಿ ಮಾಡಿಸಿ.